ಏಳನೆಯದಕ್ಕೆ ಹಲಗೆಯಿಲ್ಲ

ಅವಳಿಗೆ ಕಡ್ಡಿ ಎಂದು ಹೆಸರಿಟ್ಟವಳು ಅಜ್ಜಿ. ಹುಟ್ಟಿದಾಗ ಕೈ ಕಡ್ಡಿಯ ಹಾಗಿತ್ತಂತೆ, ಕಾಲು ಕಡ್ಡಿಯ ಹಾಗಿತ್ತಂತೆ, ಅಳು ಮಾತ್ರ ಮೂರು ಬೀದಿಗೆ ಕೇಳಿಸುತ್ತಿತ್ತಂತೆ. ಆಮೇಲೆ ಶಾಲೆಯ ದಾಖಲೆಯಲ್ಲಿ ಬೇರೆ ಹೆಸರು ಬಂತು, ಪಿಎಚ್.ಡಿ. ಮುಗಿದ ಮೇಲೆ ಆ ಹೆಸರಿಗೆ ಡಾಕ್ಟರ್ ಎಂಬ ಕೊಂಬೂ ಬಂತು. ಮನೆಯವರ ಬಾಯಲ್ಲಿ ಅವಳು ಕಡ್ಡಿಯಾಗಿಯೇ ಉಳಿದಳು. ಕೊನೆಗೆ ಸಿಕ್ಕ ಕೆಲಸವೂ ಕಡ್ಡಿಗಳದ್ದೇ ಆಯಿತು.

ಕೆಲಸ ಇಷ್ಟು. ನದಿ ಸಮುದ್ರ ಸೇರುವಲ್ಲಿ ಒಂದು ಕೆಸರುಬಯಲಿದೆ. ದಿನಕ್ಕೆ ಎರಡು ಸಲ ಉಬ್ಬರದ ನೀರು ಹತ್ತುತ್ತದೆ, ಎರಡು ಸಲ ಇಳಿಯುತ್ತದೆ. ಮೊಣಕಾಲೆತ್ತರದ ಉಪ್ಪುಹುಲ್ಲು, ಹುಲ್ಲಿನ ಬುಡದಲ್ಲಿ ಬೆರಳುಗಾತ್ರದ ಏಡಿಗಳು. ಈ ಬಯಲು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಕುಸಿಯುತ್ತಿದೆಯೋ ಎಂದು ಅಳೆಯಬೇಕು. ಸಮುದ್ರ ಏರುತ್ತಿರುವಾಗ ಬಯಲು ಕುಸಿದರೆ ಹುಲ್ಲು ಮುಳುಗುತ್ತದೆ, ಹುಲ್ಲು ಮುಳುಗಿದರೆ ಹಿಂದಿನ ಊರಿಗೆ ತಡೆಯಿಲ್ಲ. ಅಳೆಯುವುದಕ್ಕೆ ಬಯಲಿನಲ್ಲಿ ಹನ್ನೆರಡು ಕಡೆ ಉಕ್ಕಿನ ಸರಳುಗಳನ್ನು, ಇನ್ನು ಇಳಿಯುವುದಿಲ್ಲ ಎನ್ನುವವರೆಗೂ ನೆಲಕ್ಕೆ ಬಡಿದಿದ್ದರು. ಸರಳಿನ ತಲೆಗೆ ಒಂದು ಅಡ್ಡ ತೋಳು ಸಿಕ್ಕಿಸಿ, ತೋಳಿನ ಒಂಬತ್ತು ತೂತುಗಳಿಂದ ಒಂಬತ್ತು ಕಡ್ಡಿಗಳನ್ನು ಕೆಸರು ಮುಟ್ಟುವವರೆಗೆ ಮೆಲ್ಲಗೆ ಇಳಿಸಬೇಕು. ತೋಳಿನ ಮೇಲೆ ಕಡ್ಡಿ ಎಷ್ಟು ಉಳಿಯಿತು ಎಂದು ಅಳೆದು ಬರೆಯಬೇಕು. ಹೋದ ತಿಂಗಳಿಗಿಂತ ಕಡಿಮೆ ಉಳಿದರೆ ನೆಲ ಕುಸಿದಿದೆ ಎಂದರ್ಥ. ಮಿಲಿಮೀಟರಿನ ಲೆಕ್ಕ. ಉಗುರಿನ ದಪ್ಪಕ್ಕೂ ಬೆಲೆಯಿರುವ ಕೆಲಸ.

ಪಿಎಚ್.ಡಿ. ಮುಗಿಸಿದವರಿಗೆಂದು ಸಂಸ್ಥೆ ಕೊಡುವ ಎರಡು ವರ್ಷದ ಫೆಲೋಶಿಪ್ ಅದು. ಸಮಿತಿಯ ಮನಸ್ಸಿಗೆ ಬಂದರೆ ಮೂರನೆಯ ವರ್ಷವೂ ಉಂಟು. ಎರಡು ವರ್ಷ ಮುಗಿಯುವುದಕ್ಕೆ ಇನ್ನು ಹದಿನೈದು ದಿನವಿತ್ತು, ಗುರುವಾರ ಸಮಿತಿಯ ಸಂದರ್ಶನವಿತ್ತು. ಕಡ್ಡಿಗೆ ಆ ಮೂರನೆಯ ವರ್ಷ ಬೇಕಿತ್ತು. ಬೇಕಿತ್ತು ಎಂದರೆ, ಸಣ್ಣ ಮಗುವಿಗೆ ಅಂಗಡಿಯ ಗಾಜಿನೊಳಗಿನ ಬೊಂಬೆ ಬೇಕಾಗುವಂತೆ ಬೇಕಿತ್ತು.

ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವಳ ಅಳತೆಯ ಪ್ರಕಾರ ಬಯಲು ಎರಡು ವರ್ಷದಲ್ಲಿ ಹನ್ನೊಂದು ಮಿಲಿಮೀಟರ್ ಕುಸಿದಿತ್ತು. ಮೇಲೆ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ಹೂಳು ಬರುವುದು ನಿಂತಿದೆ, ಅದಕ್ಕೇ ಹೀಗೆ ಎಂದು ಅವಳೂ ಅವಳ ಗೈಡ್ ಮೇಡಂ ಕೂಡ ತೀರ್ಮಾನಿಸಿದ್ದರು. ಪ್ರಯೋಗಾಲಯದ ಕಾರಿಡಾರಿನಲ್ಲಿ 'ಕುಸಿಯುತ್ತಿರುವ ಬಯಲು' ಎಂಬ ದೊಡ್ಡ ಪೋಸ್ಟರ್ ನೇತಾಡುತ್ತಿತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ಕಡ್ಡಿ ಸ್ವಲ್ಪ ನಿಧಾನ ಮಾಡುತ್ತಿದ್ದಳು. ಬಯಲು ಮುಳುಗುತ್ತಿದೆ ಎಂದರೆ ಅವಳಿಗೆ ದುಃಖವಾಗುತ್ತಿತ್ತು, ನಿಜ. ಆದರೆ ಅಜ್ಜಿಯ ಕಥೆಗಳಲ್ಲಿ ಮುಳುಗುವ ಊರುಗಳೇ ಚೆಂದ, ಮುಳುಗದೆ ಸುಮ್ಮನಿದ್ದ ಊರಿನ ಕಥೆಯನ್ನು ಅಜ್ಜಿ ಒಂದು ಸಲವೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಸರಿಯಾಗಿ ಅವಳು ಕೊನೆಯ ಅಳತೆಗೆ ಹೊರಟಳು. ದೋಣಿ ದೋಣಿಯಮ್ಮನದು. ಐವತ್ತು ದಾಟಿದ ಗಟ್ಟಿ ಹೆಂಗಸು, ತಲೆಗೆ ಟವೆಲು, ಬಾಯಿಗೆ ಬಿಡುವಿಲ್ಲ. ಎರಡು ವರ್ಷದಿಂದ ತಿಂಗಳಿಗೊಂದು ಸಲ ಕಡ್ಡಿಯನ್ನು ಕಾಲುವೆ ಕಾಲುವೆ ಸುತ್ತಿಸಿ, ಅಳತೆಯ ಪುಸ್ತಕ ಹಿಡಿದು, ಕಡ್ಡಿ ಕೂಗಿದ ಅಂಕಿಯನ್ನು ಬರೆಯುವವಳೂ ಅವಳೇ.

"ಗುರುವಾರ ಏನು ಕೇಳ್ತಾರಂತೆ ನಿನ್ನ?" ಎಂದಳು ದೋಣಿಯಮ್ಮ, ಹುಟ್ಟು ಹಾಕುತ್ತ.

"ಮೂರನೇ ವರ್ಷ ಯಾಕೆ ಕೊಡಬೇಕು ಅಂತ."

"ಕೊಡದೆ ಇದ್ರೆ ದೋಣಿಯಮ್ಮ ಯಾರ ತಲೆ ತಿನ್ನಬೇಕು ಅಂತ ಕೇಳು. ಅದಕ್ಕಿಂತ ದೊಡ್ಡ ಕಾರಣ ಬೇಕಾ?"

"ಬರೆದುಕೊಡ್ತೀಯಾ?"

"ಸಹಿನೂ ಹಾಕ್ತೀನಿ."

ಬಯಲಿನಲ್ಲಿ ಕೆಲಸ ಮಾಡುವವರಿಗೆ ಒಂದೇ ಒಂದು ಕಟ್ಟುನಿಟ್ಟು. ಅಳೆಯುವ ಜಾಗವನ್ನು ತುಳಿಯಬಾರದು. ಒಂದು ಹೆಜ್ಜೆ ಬಿದ್ದರೆ ಎರಡು ವರ್ಷದ ಕೆಲಸ ಹಾಳು. ಅದಕ್ಕೇ ಪ್ರತಿ ಸರಳಿನ ಪಕ್ಕ ಒಂದು ಗೇಣು ಬಿಟ್ಟು ಉದ್ದದ ಹಲಗೆ ಹಾಕಿ, ಅದರ ಮೇಲೆ ಮಂಡಿಯೂರಿ, ಉಸಿರು ಬಿಗಿಹಿಡಿದು ಕಡ್ಡಿ ಇಳಿಸುವುದು. ಮೊದಲ ತಿಂಗಳು ಇಬ್ಬರೂ ಒಂದೇ ಹಲಗೆಯನ್ನು ಹೊತ್ತುಕೊಂಡು ಸರಳಿನಿಂದ ಸರಳಿಗೆ ತಿರುಗಿದ್ದರು. ಸೊಂಟದವರೆಗೆ ಕೆಸರು, ತಲೆಯ ಮೇಲೆ ಹಲಗೆ. ಎರಡನೆಯ ತಿಂಗಳಿನಿಂದ ಹನ್ನೆರಡು ಹಲಗೆ ತಂದು ಹನ್ನೆರಡು ಕಡೆ ಹಾಕಿ ಅಲ್ಲೇ ಬಿಟ್ಟರು. ಹೊಸದಾಗಿ ಕಂಡುಹಿಡಿದದ್ದಲ್ಲ. ಕೆಸರು ಅಳೆಯುವವರೆಲ್ಲ ಓದುವ ಒಂದು ಕೈಪಿಡಿಯಿದೆ, ಅದರ ಇಪ್ಪತ್ತಮೂರನೆಯ ಪುಟದಲ್ಲಿ ಹಾಗೇ ಇದೆ: 'ಹಲಗೆಗಳನ್ನು ಸ್ಥಳದಲ್ಲಿಯೇ ಬಿಡುವುದು ಅನುಕೂಲ.' ಆ ಪುಟವನ್ನು ದೋಣಿಯಮ್ಮನಿಗೆ ಓದಿ ಹೇಳಿದಾಗ ಅವಳು, "ಇದನ್ನ ಬರೆದೋನು ಪುಣ್ಯವಂತ ಕಣಮ್ಮ" ಎಂದಿದ್ದಳು.

ಹನ್ನೆರಡರಲ್ಲಿ ಏಳನೆಯ ಹಲಗೆ ಮೊದಲ ಮಳೆಗಾಲದ ನೆರೆಯಲ್ಲಿ ತೇಲಿಹೋಯಿತು. ಏಳನೆಯ ಸರಳು ಕಾಲುವೆಯ ದಡದಲ್ಲೇ ಇರುವುದರಿಂದ ದೋಣಿಯಲ್ಲಿದ್ದ ಹಲಗೆಯನ್ನೇ ಹಾಕಿ ತೆಗೆಯುತ್ತಿದ್ದರು. ಆ ಏಳನೆಯದು ಕುಸಿಯಲಿಲ್ಲ. ಎರಡು ವರ್ಷದಲ್ಲಿ ಎರಡು ಮಿಲಿಮೀಟರ್ ಏರಿತ್ತು. ಕಾಲುವೆ ಹತ್ತಿರ, ಹೂಳು ಬೀಳುತ್ತದೆ, ಎಂದು ಕಡ್ಡಿ ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಅದನ್ನು ಬದಿಗಿಟ್ಟಿದ್ದಳು.

ಸೋಮವಾರವೂ ಏಳನೆಯದು ಹಾಗೇ ಇತ್ತು. ಇನ್ನೂ ಕೂದಲೆಳೆಯಷ್ಟು ಏರಿತ್ತು.

"ಈ ಏಳನೇದು ಮೊಂಡು ಮುಂಡೇದು" ಎಂದಳು ಕಡ್ಡಿ, ಬೆನ್ನು ನೇರ ಮಾಡುತ್ತ. "ಎಲ್ಲ ಕುಸಿದ್ರೂ ಇದು ಕುಸಿಯಲ್ಲ."

"ಇದಕ್ಕೆ ಹಲಗೆ ಇಲ್ವಲ್ಲ" ಎಂದಳು ದೋಣಿಯಮ್ಮ, ಪುಸ್ತಕದಿಂದ ತಲೆಯೆತ್ತದೆ.

"ಅಂದ್ರೆ?"

"ಹಲಗೆ ಇಲ್ಲ, ಅದಕ್ಕೇ ಏಡಿ ಇಲ್ಲ. ಮಿಕ್ಕಿದ ಕಡೆ ನೀನು ಹಾಕಿರೋದು ಹಲಗೆಯಲ್ಲ ತಾಯಿ, ಛತ್ರ. ನೆರಳಿದೆ, ಕೊಕ್ಕರೆ ಕಣ್ಣಿಗೆ ಬೀಳಲ್ಲ. ಊರಿನ ಏಡಿಯೆಲ್ಲ ಸಂಸಾರ ಸಮೇತ ಬಂದು ಕೂತಿದೆ. ನೀನು ನೋಡಿಲ್ವಾ?"

ಕಡ್ಡಿ ನೋಡಿರಲಿಲ್ಲ. ಅವಳ ಕಣ್ಣು ಯಾವಾಗಲೂ ಒಂಬತ್ತು ಕಡ್ಡಿಗಳ ತುದಿಯ ಮೇಲಿರುತ್ತಿತ್ತು. ತನ್ನ ಮಂಡಿಯ ಕೆಳಗೆ ಏನಿದೆ ಎಂದು ನೋಡುವ ಕಾರಣ ಅವಳಿಗೆ ಬಂದಿರಲಿಲ್ಲ.

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಏಡಿ ಅಳೀತಿದ್ಯಾ? ಮಣ್ಣು ಅಳೀತಿದ್ದೆ. ಓದಿದೋಳಿಗೆ ನಾನೇನು ಹೇಳೋದು."

ಎಂಟನೆಯ ಸರಳಿಗೆ ಹೋದಾಗ ಕಡ್ಡಿ ಹಲಗೆಯ ಪಕ್ಕದಲ್ಲಿ ಕೆಸರಿಗೇ ಇಳಿದು ಬಗ್ಗಿ ನೋಡಿದಳು. ಹಲಗೆಯ ಅಡಿಯ ನೆಲ ಜೇನುಗೂಡಿನಂತೆ ತೂತು ತೂತಾಗಿತ್ತು. ಒಂದೊಂದು ಬಿಲದ ಬಾಯಲ್ಲೂ ಒಂದೊಂದು ಏಡಿ ಒಂದೇ ದೊಡ್ಡ ಇಕ್ಕಳದಂಥ ಕೊಂಬನ್ನು ಎತ್ತಿ, ಬಾಡಿಗೆದಾರರು ಮನೆಯೊಡತಿಯನ್ನು ನೋಡುವಂತೆ ನೋಡಿತು. ಬಿಲಗಳು ಹಲಗೆಯ ಅಡಿಯಲ್ಲೇ ನಿಂತಿರಲಿಲ್ಲ. ಒಂದು ಗೇಣು ದಾಟಿ, ಕಡ್ಡಿಗಳು ಇಳಿಯುವ ಜಾಗದವರೆಗೂ ಬಂದಿದ್ದವು. ಆ ಜಾಗದ ಅಂಚಿನ ಕೆಸರನ್ನು ಬೆರಳಿನಿಂದ ಒತ್ತಿದಳು. ಬೆಂದ ಗೆಣಸಿನ ಹಾಗೆ ಒಳಕ್ಕೆ ಹೋಯಿತು. ಎರಡು ಮಾರು ಆಚೆ ಒತ್ತಿದಳು. ಗಟ್ಟಿಯಾಗಿತ್ತು.

ಅವಳು ಎದ್ದು ಸರಳಿನ ಇನ್ನೊಂದು ಬದಿಯ ಕಡೆ ನೋಡಿದಳು. ಸರಳಿನ ತೋಳು ಎರಡೂ ಬದಿಗೆ ತಿರುಗುತ್ತದೆ. ಎರಡು ವರ್ಷದ ಹಿಂದೆ, ಮೊದಲ ದಿನ, ಹೊಸ ಹುಮ್ಮಸ್ಸಿನಲ್ಲಿ ಅವಳು ಹನ್ನೆರಡು ಕಡೆಯೂ ಎರಡು ಬದಿ ಅಳೆದಿದ್ದಳು. ಒಂದು ಬದಿ ಸಾಕು ಎಂದು ಕೈಪಿಡಿ ಹೇಳಿದ್ದರಿಂದ ಆಮೇಲೆ ಆ ಇನ್ನೊಂದು ಬದಿಗೆ ಯಾರೂ ಹೋಗಿರಲಿಲ್ಲ. ಹುಲ್ಲು ತಾನೇ ತಾನಾಗಿ ಬೆಳೆದಿತ್ತು.

"ಪುಸ್ತಕದ ಮೊದಲ ಪುಟ ತೆಗಿ" ಎಂದಳು. "ದೋಣಿಯ ಹಲಗೆ ತರೋಣ. ಆ ಕಡೆ ಹಾಕೋಣ."

ದೋಣಿಯಮ್ಮ ದೋಣಿಯನ್ನು ನೋಡಿದಳು, ಕೆಸರನ್ನು ನೋಡಿದಳು, ತನ್ನ ಸೊಂಟವನ್ನು ಮುಟ್ಟಿ ನೋಡಿಕೊಂಡಳು. "ನನ್ನ ಬಾಯಿಗೆ ಬೀಗ ಹಾಕಬೇಕು" ಎಂದು ಎದ್ದಳು.

ಇಳಿತ ಮುಗಿಯುವವರೆಗೆ ಮೂರು ಸರಳು ಮಾತ್ರ ಸಾಧ್ಯವಾಯಿತು. ಮೂರರಲ್ಲೂ ಹಲಗೆಯ ಬದಿ ಹತ್ತು ಹನ್ನೊಂದು ಮಿಲಿಮೀಟರ್ ಕುಸಿದಿತ್ತು. ಮೂರರಲ್ಲೂ ಯಾರೂ ಮುಟ್ಟದ ಬದಿ ಒಂದೋ ಎರಡೋ ಮಿಲಿಮೀಟರ್ ಏರಿತ್ತು. ಮಂಗಳವಾರ ಇನ್ನೂ ಮೂರು ನೋಡಿದರು, ಬಿಲಗಳನ್ನೂ ಎಣಿಸಿದರು. ಅದೇ ಕಥೆ.

ಮಂಗಳವಾರ ಸಂಜೆ ಕಡ್ಡಿ ತನ್ನ ಬಾಡಿಗೆಯ ಕೋಣೆಯಲ್ಲಿ ಬೂಟು ತೊಳೆಯುತ್ತ ಕೂತಿದ್ದಳು. ತೊಳೆದಷ್ಟೂ ಕೆಸರು ಬರುತ್ತಿತ್ತು. ಅವಳಿಗೆ ಅಜ್ಜಿಯ ಒಂದು ಕಥೆ ನೆನಪಾಯಿತು. ಒಬ್ಬ ರಾಣಿಗೆ ಒಂದು ಹೂವಿನ ಪಾತಿ. ಅದರೊಳಗೆ ಇರುವೆಯೂ ಕಾಲಿಡಬಾರದು ಎಂದು ಒಬ್ಬ ಕಾವಲುಗಾರನನ್ನು ಇಟ್ಟಳು. ಅವನು ಬಹಳ ನಿಯತ್ತಿನವನು. ಹಗಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾತಿಯ ಸುತ್ತ ಸುತ್ತಿದ. ಸುತ್ತಿ ಸುತ್ತಿ ಅವನ ಕಾಲಡಿಯ ದಾರಿ ಸವೆದು ಕಾಲುವೆಯಾಯಿತು, ಪಾತಿಯ ಮಣ್ಣು ಒಂದೊಂದೇ ಹಿಡಿ ಕಾಲುವೆಗೆ ಜಾರಿತು. ಆಮೇಲೆ ರಾಣಿ ಅವನನ್ನು ಏನು ಮಾಡಿದಳು ಎಂಬುದು ಕಡ್ಡಿಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಯಾವಾಗಲೂ ನಿದ್ದೆ ಬಂದುಬಿಡುತ್ತಿತ್ತು. ಈಗ ಕೇಳೋಣವೆಂದರೆ ಅಜ್ಜಿ ಇಲ್ಲ.

ಫೋನ್ ಬಂತು. ಅಕ್ಕ.

"ಕಡ್ಡಿ, ಶುಕ್ರವಾರದೊಳಗೆ ಹೇಳಬೇಕಂತೆ ಕಣೇ. ಪ್ರಿನ್ಸಿಪಾಲರು ನಿನ್ನೆ ಭಾವನ ಹತ್ರ ಮತ್ತೆ ಕೇಳಿದ್ರು."

ಅಕ್ಕನ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೊಂದು ಖಾಲಿಯಿತ್ತು. ಕಾಯಂ ಕೆಲಸ. ಅಕ್ಕ ಮೂರು ತಿಂಗಳಿನಿಂದ ಅದನ್ನು ತಂಗಿಗಾಗಿ ಕಾವು ಕೊಟ್ಟು ಕಾಯುತ್ತಿದ್ದಳು.

"ಗುರುವಾರ ಸಂದರ್ಶನ ಆಗಲಿ ಅಕ್ಕ."

"ಆಗಲಿ ಬಿಡು. ಅದು ಸಿಕ್ಕರೆ ಸಿಕ್ಕಿತು, ಸಿಗದಿದ್ರೆ ಇದು ಇದೆಯಲ್ಲ. ಎರಡೂ ಕೈಬಿಟ್ಟು ಕೂರಬೇಡ ಅಷ್ಟೇ. ಮಣ್ಣು ಮೇಲೆ ಬಂತೋ ಕೆಳಗೆ ಹೋಯ್ತೋ ಅಂತ ನೋಡೋಕೆ ಇಷ್ಟು ವರ್ಷ ಓದಬೇಕಾಗಿತ್ತಾ ಅಂತ ನಿನ್ನ ಭಾವ ಕೇಳ್ತಾ ಇರ್ತಾರೆ."

"ಮೇಲೆ ಬಂದಿದೆ ಅಂತ ಹೇಳು ಭಾವನಿಗೆ."

"ಕೆಳಗೆ ಹೋಗಿದೆ ಅಂದಿದ್ಯಲ್ಲ?"

"ಅದನ್ನೇ ನೋಡ್ತಾ ಇದ್ದೀನಿ."

"ಊಟ ಮಾಡಿದ್ಯಾ?" ಎಂದಳು. ಅಕ್ಕನಿಗೆ ಏನೋ ಅರ್ಥವಾಗದಿದ್ದಾಗ ಕೇಳುವ ಪ್ರಶ್ನೆ ಅದು.

ಬುಧವಾರ ಬೆಳಿಗ್ಗೆ ಕಡ್ಡಿ ಮೇಡಂ ಕೋಣೆಗೆ ಹೋದಳು. ಮೇಡಂ ಕೋಣೆಯೆಂದರೆ ಮೂರು ಗೋಡೆಗೆ ಪುಸ್ತಕ, ನಾಲ್ಕನೆಯ ಗೋಡೆಗೆ ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ಕೆಸರಿನ ಮಾದರಿ ತುಂಬಿದ ಬಾಟಲಿಗಳು. ಆರು ಸರಳುಗಳ ಅಂಕಿಗಳನ್ನು ಮೇಡಂ ಎರಡು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ನೋಡಿದರು.

"ಏಡಿ" ಎಂದರು.

"ಏಡಿ, ಮೇಡಂ."

"ಏಳನೇದಕ್ಕೆ ಹೂಳು ಬೀಳುತ್ತೆ ಅಂತ ನಾನೂ ಒಪ್ಪಿದ್ದೆ. ತಪ್ಪು ನಿನ್ನೊಬ್ಬಳದಲ್ಲ." ಅವರು ಕಾಗದವನ್ನು ಮೇಜಿನ ಮೇಲೆ ಮಗುಚಿ ಇಟ್ಟರು. "ನೋಡು, ಹನ್ನೆರಡರಲ್ಲಿ ನೋಡಿರೋದು ಆರು. ನಾಳೆ ಇಷ್ಟು ಹೇಳಬಹುದು. ಕುಸಿತದ ಕಾರಣಗಳನ್ನ ಇನ್ನೂ ಪರಿಶೀಲಿಸ್ತಾ ಇದ್ದೀವಿ, ಮೂರನೇ ವರ್ಷ ಬೇಕಾಗಿರೋದು ಅದಕ್ಕೇ. ಇದರಲ್ಲಿ ಸುಳ್ಳಿಲ್ಲ."

"ಕುಸಿತ ಅನ್ನೋ ಮಾತು ಇದೆ, ಮೇಡಂ."

ಮೇಡಂ ಕಿಟಕಿಯ ಬಾಟಲಿಗಳ ಕಡೆ ನೋಡಿದರು. "ಸಮಿತಿಯಲ್ಲಿ ಯಾರಿದ್ದಾರೆ ಗೊತ್ತಲ್ಲ?"

ಗೊತ್ತಿತ್ತು. ಕೈಪಿಡಿ ತಾತ. ಅವರ ನಿಜವಾದ ಹೆಸರು ಕೈಪಿಡಿಯ ರಟ್ಟಿನ ಮೇಲಿದೆ, ಆದರೆ ಓದುವ ಹುಡುಗರೆಲ್ಲ ಅವರನ್ನು ಕರೆಯುವುದು ಹಾಗೆ. ಕೆಸರು ಅಳೆಯುವುದನ್ನು ಮೂರು ತಲೆಮಾರಿಗೆ ಕಲಿಸಿದವರು. ಕೊನೆಯ ಪ್ರಶ್ನೆ ಅವರದೇ, ಕೊನೆಯ ಮಾತೂ ಅವರದೇ ಎಂದು ಪ್ರತೀತಿ.

"ಅವರ ಮುಂದೆ ಅವರ ಪುಸ್ತಕದ ಸಾಲು ತಪ್ಪು ಅಂತ ಹೇಳ್ತೀಯಾ?"

"ಹೇಳದೆ ಹೇಗೆ ಹೇಳೋದು ಅಂತ ಯೋಚನೆ ಮಾಡ್ದೆ. ಹೊಳೀಲಿಲ್ಲ."

ಮೇಡಂ ನಕ್ಕರು, ಇಷ್ಟವಿಲ್ಲದೆ ಬಂದ ನಗು. "ನಾನು ಹೇಳೋದು ಹೇಳಿದ್ದೀನಿ. ಅಲ್ಲಿ ನಿಲ್ಲೋಳು ನೀನು."

ಗುರುವಾರ ಹನ್ನೊಂದು ಗಂಟೆಗೆ ಕರೆದರು. ಉದ್ದನೆಯ ಮೇಜು, ಆಚೆ ಕಡೆ ಐದು ಜನ. ನಡುವೆ ಅಧ್ಯಕ್ಷೆ, ಬಲತುದಿಯಲ್ಲಿ ಕೈಪಿಡಿ ತಾತ. ಚಿತ್ರದಲ್ಲಿ ಕಂಡದ್ದಕ್ಕಿಂತ ಚಿಕ್ಕ ದೇಹ. ಕುರ್ಚಿಗೆ ಬೆನ್ನಿನ ಹಿಂದೆ ಒಂದು ದಿಂಬು ಇಟ್ಟುಕೊಂಡಿದ್ದರು. ಕಡ್ಡಿ ಪರದೆಯ ಮೇಲೆ ಮೊದಲ ಚಿತ್ರವನ್ನು ಹಾಕಿದಳು. ಎಡದಿಂದ ಬಲಕ್ಕೆ ಜಾರುಬಂಡೆಯ ಹಾಗೆ ಇಳಿಯುವ ಗೆರೆ. ಎರಡು ವರ್ಷದಲ್ಲಿ ಅವಳು ಎಳೆದ ಅತ್ಯಂತ ಚೆಂದದ ಗೆರೆ ಅದು.

"ಇದು ನಾನು ನಿಮಗೆ ಕಳಿಸಿದ ನಕ್ಷೆ" ಎಂದಳು. "ಇದು ತಪ್ಪು."

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. "ತಪ್ಪು ಅಂದ್ರೆ? ಲೆಕ್ಕದಲ್ಲಿ ತಪ್ಪಾ?"

"ಲೆಕ್ಕ ಸರಿಯಿದೆ. ಅಳತೆನೂ ಸರಿಯಿದೆ. ಬಯಲು ಕುಸೀತಾ ಇಲ್ಲ, ನಾನು ಅಳೆಯೋ ಜಾಗ ಮಾತ್ರ ಕುಸೀತಾ ಇದೆ. ಕುಸಿಯೋ ಹಾಗೆ ಮಾಡಿದ್ದು ನಾನು."

ಹೀಗೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ ಮೇಲೆ ಉಳಿದದ್ದು ಕಷ್ಟವಾಗಲಿಲ್ಲ. ಹಲಗೆ, ನೆರಳು, ಏಡಿ, ಬಿಲ. ಆರು ಸರಳುಗಳ ಎರಡು ಬದಿಯ ಅಂಕಿ. ಹಲಗೆಯ ಅಡಿ ಒಂದು ಚದರ ಮೀಟರಿಗೆ ಅರವತ್ತೊಂದು ಬಿಲ, ಬಯಲಿನಲ್ಲಿ ಹದಿನಾಲ್ಕು. ಇದನ್ನು ಮೊದಲು ಗಮನಿಸಿದ್ದು ದೋಣಿಯಮ್ಮ ಎಂದೂ ಹೇಳಿದಳು. ಐದು ಜನರಲ್ಲಿ ಒಬ್ಬರು ಅದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಪೆನ್ನನ್ನು ಎತ್ತಿ ಇಳಿಸಿದರು.

"ಹಲಗೆಗಳನ್ನ ಅಲ್ಲೇ ಯಾಕೆ ಬಿಟ್ರಿ?" ಎಂದರು ಕೈಪಿಡಿ ತಾತ. ಮೊದಲ ಸಲ ಬಾಯಿ ತೆರೆದದ್ದು.

"ಕೈಪಿಡಿಯಲ್ಲಿ ಹಾಗಿದೆ, ಸರ್."

"ಯಾವ ಪುಟ?"

"ಇಪ್ಪತ್ತಮೂರು. ಕೆಳಗಿನಿಂದ ಎರಡನೇ ಸಾಲು."

ಯಾರೋ ಕೆಮ್ಮಿದರು. ಮುದುಕರು ಕಡ್ಡಿಯನ್ನು ನೋಡಲಿಲ್ಲ, ಪರದೆಯನ್ನು ನೋಡುತ್ತಿದ್ದರು. "ಏಳನೇ ಸರಳಿನ ಅಂಕಿ ಮತ್ತೆ ಹಾಕಿ" ಎಂದರು. ಹಾಕಿದಳು. ಅವರು ತುಟಿ ಅಲುಗಿಸುತ್ತ ಒಂದೊಂದಾಗಿ ಓದಿದರು, ಮತ್ತೆ ಏನೂ ಕೇಳಲಿಲ್ಲ.

ಕೇಳಿದವರು ಅಧ್ಯಕ್ಷೆ. "ಒಂದು ವಿಷಯ ಹೇಳಿ. ಬಯಲು ಯಾಕೆ ಕುಸೀತಿದೆ ಅಂತ ನೋಡೋಕೆ ನೀವು ಒಂದು ವರ್ಷ ಕೇಳಿದ್ದೀರಿ. ಕುಸೀತಾನೇ ಇಲ್ಲ ಅಂದ ಮೇಲೆ ಆ ವರ್ಷವನ್ನ ಯಾತಕ್ಕೆ ಕೊಡೋದು?"

ಈ ಪ್ರಶ್ನೆ ಬರುತ್ತದೆ ಎಂದು ಕಡ್ಡಿಗೆ ಗೊತ್ತಿತ್ತು. ಉತ್ತರ ಮಾತ್ರ ಎರಡು ದಿನ ಹುಡುಕಿದರೂ ಸಿಕ್ಕಿರಲಿಲ್ಲ.

"ಆ ಪ್ರಶ್ನೆಗೆ ವರ್ಷ ಬೇಕಾಗಿಲ್ಲ" ಎಂದಳು. "ಇನ್ನೂ ಆರು ಸರಳು ನೋಡೋದಿದೆ. ಹಲಗೆ ತೆಗೆದ ಮೇಲೆ ನೆಲ ಮತ್ತೆ ಏರುತ್ತಾ ಅಂತ ನೋಡೋದಿದೆ. ಆಮೇಲೆ, ಹಲಗೆ ಬಿಟ್ಟಿರೋರು ನಾನೊಬ್ಬಳೇ ಅಲ್ಲ ಅನಿಸುತ್ತೆ. ಅಷ್ಟೇ ಗೊತ್ತಿರೋದು."

"ಆಯ್ತು. ಹೊರಗೆ ಇರಿ."

ಕಾರಿಡಾರಿನ ಕೊನೆಯಲ್ಲಿ ಕುಡಿಯುವ ನೀರಿನ ನಲ್ಲಿಯಿತ್ತು. ಕಡ್ಡಿ ಒಂದು ಲೋಟ ಕುಡಿದಳು, ಇನ್ನೊಂದು ಕುಡಿದಳು. ಮೂರನೆಯದನ್ನು ಹಿಡಿದಿದ್ದಾಗ ಬಾಗಿಲು ತೆರೆದು ಕೈಪಿಡಿ ತಾತ ಹೊರಗೆ ಬಂದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಗೋಡೆಯ ಮೇಲೆ. ಅವಳು ಲೋಟವನ್ನು ಅವರಿಗೇ ಕೊಟ್ಟಳು.

ಅವರು ನೀರು ಕುಡಿದು ಮೀಸೆ ಒರೆಸಿಕೊಂಡರು. "ಆ ಸಾಲು ಮೊದಲನೇ ಮುದ್ರಣದಲ್ಲಿ ಇಲ್ಲ" ಎಂದರು. "ನೋಡಿದ್ದೀರಾ?"

"ಇಲ್ಲ, ಸರ್."

"ಮೊದಲನೇದರಲ್ಲಿ, ಹಲಗೆಯನ್ನ ಪ್ರತಿ ಸಲ ಹೊತ್ತು ತರಬೇಕು, ಪ್ರತಿ ಸಲ ಹೊತ್ತು ಒಯ್ಯಬೇಕು ಅಂತಿದೆ. ಎರಡನೇ ಮುದ್ರಣ ತಿದ್ದೋ ವರ್ಷ ನನಗೆ ಸೊಂಟ ಹಿಡ್ಕೊಂಡಿತ್ತು." ಅವರು ಖಾಲಿ ಲೋಟದೊಳಗೆ ನೋಡಿದರು. "ಅನುಕೂಲ ಅಂತ ಬರೆದೆ. ನನಗೆ ಅನುಕೂಲ ಆಗಿತ್ತು."

ಕಡ್ಡಿ ಲೋಟಕ್ಕೆ ಕೈ ನೀಡಿದಳು, ಅವರು ಕೊಡಲಿಲ್ಲ.

"ನನ್ನ ಹಲಗೆಗಳು ಹನ್ನೊಂದು ವರ್ಷದಿಂದ ಬಿದ್ದಿವೆ, ಇಪ್ಪತ್ತು ಕಡೆ" ಎಂದರು. "ನನ್ನ ಬಯಲೂ ಕುಸೀತಿದೆ. ಅದರ ಮೇಲೆ ಎಷ್ಟು ಲೇಖನ ಬರೆದಿದ್ದೀನಿ ಅಂತ ಎಣಿಸೋಕೆ ಈಗ ಮನಸ್ಸಿಲ್ಲ." ಲೋಟವನ್ನು ನಲ್ಲಿಯ ಪಕ್ಕ ಮಗುಚಿಟ್ಟು, "ಆ ದೋಣಿಯಮ್ಮನೂ ಹಲಗೆ ಹೊತ್ತಿರಬೇಕಲ್ಲ, ಸೊಂಟಕ್ಕೆ ಏನು ಹಚ್ತಾರೆ?" ಎಂದರು.

"ಬೈಗುಳ, ಸರ್."

ತಾತ ತಲೆಯಾಡಿಸಿ, ಅದನ್ನೂ ಒಂದು ಔಷಧಿಯೆಂದು ಒಪ್ಪಿದವರಂತೆ, ಮೆಲ್ಲಗೆ ಒಳಗೆ ಹೋದರು.

ಶುಕ್ರವಾರ ಮಧ್ಯಾಹ್ನ ಪತ್ರ ಬಂತು. ಮೇಡಂ ಅದನ್ನು ನಿಂತೇ ಓದಿದರು. ಮೂರನೆಯ ವರ್ಷ ಇಲ್ಲ. ಮನವಿಯಲ್ಲಿ ಹೇಳಿದ ಪ್ರಶ್ನೆ ಈಗ ಉಳಿದಿಲ್ಲವಾದ್ದರಿಂದ ಅದನ್ನು ಪರಿಗಣಿಸಲಾಗದು. ಆದರೆ ಹಲಗೆಗಳನ್ನು ತೆಗೆದು ಅಳೆಯುವುದಕ್ಕೆ, ಬರೆಯುವುದಕ್ಕೆ ಆರು ತಿಂಗಳು. ಹಾಗೆಯೇ, ಇಂಥ ಹಲಗೆಗಳಿರುವ ಬೇರೆ ಬಯಲುಗಳ ಪಟ್ಟಿ ಮಾಡುವುದಕ್ಕೆ ಸಮಿತಿಯ ಹಿರಿಯ ಸದಸ್ಯರೊಬ್ಬರು ನೆರವಾಗುವರು.

"ಆರು ತಿಂಗಳು" ಎಂದರು ಮೇಡಂ. "ಅದರ ಮೇಲೆ ಒಂದು ದಿನವೂ ಇಲ್ಲ. ಕಾಲೇಜಿನೋರು ಕಾಯ್ತಾರಾ?"

"ಕಾಯಲ್ಲ. ಇವತ್ತೇ ಕೊನೆ."

"ಯೋಚನೆ ಮಾಡು. ಮೂರನೇ ವರ್ಷ ಪೂರ್ತಿ ಸಿಕ್ಕಿದ್ರೆ ನಾನೇ ಒತ್ತಾಯ ಮಾಡ್ತಿದ್ದೆ. ಆರು ತಿಂಗಳಿಗೆ ಕಾಯಂ ಕೆಲಸ ಬಿಡು ಅಂತ ನಾನು ಹೇಗೆ ಹೇಳಲಿ."

ಕಡ್ಡಿ ಕಾರಿಡಾರಿಗೆ ಬಂದಳು. ಪೋಸ್ಟರನ್ನು ಯಾರೋ ಆಗಲೇ ಇಳಿಸಿದ್ದರು, ಗೋಡೆಯಲ್ಲಿ ನಾಲ್ಕು ಪಿನ್ನು ಉಳಿದಿದ್ದವು. ಅವಳು ಅದರ ಎದುರು ನಿಂತು ಅಕ್ಕನಿಗೆ ಫೋನ್ ಮಾಡಿದಳು. ಮಂಗಳವಾರದಿಂದ ಅವಳ ತಲೆಯಲ್ಲಿ ಒಂದೇ ಚಿತ್ರ ಸುಳಿಯುತ್ತಿತ್ತು, ಯಾರೂ ಮುಟ್ಟದ ಆ ಬದಿಯ ಹುಲ್ಲು. ಎರಡು ವರ್ಷ ಅವಳ ಬೆನ್ನ ಹಿಂದೆ, ಅವಳಿಗೆ ಗೊತ್ತೇ ಆಗದಂತೆ, ಅದು ಮಿಲಿಮೀಟರ್ ಮಿಲಿಮೀಟರಾಗಿ ಸಮುದ್ರದ ಜೊತೆ ಏರಿತ್ತು. ಅದನ್ನು ಒಂದು ಸಲವಾದರೂ ಸರಿಯಾಗಿ ಅಳೆಯದೆ ಎದ್ದು ಹೋಗುವುದು ಅವಳಿಂದ ಆಗುವುದಿಲ್ಲ.

"ಸಿಕ್ತಾ?" ಎಂದಳು ಅಕ್ಕ.

"ಆರು ತಿಂಗಳು ಸಿಕ್ತು."

"ಆರು ತಿಂಗಳು ಯಾವ ಲೆಕ್ಕ? ಆಮೇಲೆ?"

"ಆಮೇಲೆ ಗೊತ್ತಿಲ್ಲ. ಪ್ರಿನ್ಸಿಪಾಲರಿಗೆ ಆಗಲ್ಲ ಅಂತ ಹೇಳಿಬಿಡು ಅಕ್ಕ. ನನ್ನನ್ನ ಬೈದುಕೊಂಡೇ ಹೇಳು, ಪರವಾಗಿಲ್ಲ."

"ಬೈಯೋಕೆ ನೀನು ಹೇಳಿಕೊಡಬೇಕಾಗಿಲ್ಲ." ಆ ಕಡೆ ಮಿಕ್ಸಿ ತಿರುಗಿ ನಿಂತಿತು. "ನೀನು ಹುಟ್ಟಿದಾಗ ಕಡ್ಡಿ ಹಾಗಿದ್ದೆ ಅಂತ ಅಜ್ಜಿ ಹೇಳ್ತಿದ್ಳಲ್ಲ, ಸುಳ್ಳು. ಕಬ್ಬಿಣದ ಸಲಾಕೆ ಹಾಗಿದ್ದೆ, ನಾನು ನೋಡಿದ್ದೀನಿ. ಊಟ ಮಾಡಿದ್ಯಾ?"

"ಮಾಡ್ತೀನಿ."

ಮುಂದಿನ ಸೋಮವಾರದ ಇಳಿತಕ್ಕೆ ಕಡ್ಡಿಯೂ ದೋಣಿಯಮ್ಮನೂ ಹಲಗೆ ತೆಗೆಯಲು ಹೋದರು. ಎರಡು ವರ್ಷ ನೀರು ಕುಡಿದ ಹಲಗೆಗಳು, ಒಂದೊಂದೂ ಹೆಣಭಾರ. ಕೆಸರು ಅವನ್ನು ಬಿಟ್ಟುಕೊಡಲು ಒಪ್ಪದೆ ಕೊನೆಯವರೆಗೂ ಎಳೆದು ಹಿಡಿದು, ಆಮೇಲೆ ಪಚಕ್ಕೆಂದು ಕೈಬಿಡುತ್ತಿತ್ತು.

"ಇನ್ನು ಮೇಲೆ?" ಎಂದಳು ದೋಣಿಯಮ್ಮ, ನಾಲ್ಕನೆಯ ಹಲಗೆಯನ್ನು ದೋಣಿಗೆ ಒರಗಿಸಿ ಏದುಸಿರು ಬಿಡುತ್ತ.

"ಇನ್ನು ಮೇಲೆ ಒಂದೇ ಹಲಗೆ. ಹೊತ್ತು ತರೋದು, ಹೊತ್ತು ಒಯ್ಯೋದು. ಕೈಪಿಡಿಯ ಮೊದಲನೇ ಮುದ್ರಣದಲ್ಲಿ ಹಾಗೇ ಇದೆ."

"ಅದನ್ನ ಬರೆದೋನು ಯಾವ ಪಾಪಿ?"

"ಅದೇ ಪುಣ್ಯವಂತ."

ದೋಣಿಯಮ್ಮ ಟವೆಲು ಬಿಚ್ಚಿ ಮುಖ ಒರೆಸಿ ಮತ್ತೆ ಕಟ್ಟಿಕೊಂಡಳು. "ಸತ್ಯ ಹೇಳೋಳು ನೀನು, ಸೊಂಟ ಮುರ್ಕೊಳ್ಳೋಳು ನಾನು. ಆರು ತಿಂಗಳು ಅಂತಾ?"

"ಆರು ತಿಂಗಳು."

"ಆರು ಸಲ ಬೈತೀನಿ ಹಾಗಾದ್ರೆ. ಹಿಡ್ಕೋ ಆ ತುದಿ."

ಐದನೆಯ ಸರಳಿನ ಹತ್ತಿರ ಹಲಗೆ ಎತ್ತಿದಾಗ ಅದರ ಅಡಿಯ ಏಡಿಗಳಿಗೆಲ್ಲ ಒಟ್ಟಿಗೆ ಬಿಸಿಲು ಬಿತ್ತು. ಅರವತ್ತು ಬಾಗಿಲು, ಅರವತ್ತು ಕೊಂಬು. ಒಂದು ಕ್ಷಣ ಯಾವುದೂ ಅಲುಗಲಿಲ್ಲ. ದೂರದಲ್ಲಿ ಕೊಕ್ಕರೆಯೊಂದು ಕತ್ತು ನೀಡಿ ಇತ್ತ ತಿರುಗಿತು. ಏಡಿಗಳು ಸರಕ್ಕನೆ ಒಳಗೆ ಹೋದವು.

ಕಡ್ಡಿ ಆ ಬದಿಯನ್ನು ಬಿಟ್ಟು ಸರಳನ್ನು ಸುತ್ತು ಹಾಕಿ, ಇನ್ನೊಂದು ಬದಿಗೆ ಹೋಗಿ, ಹುಲ್ಲಿಗೆ ತಾಗದಂತೆ ಒಂದು ಗೇಣು ಬಿಟ್ಟು ದೋಣಿಯ ಹಲಗೆ ಹಾಕಿದಳು. ಮಂಡಿಯೂರುವ ಮೊದಲು ಮಂಡಿಯ ಕೆಳಗೆ ನೋಡಿದಳು. ತೋಳನ್ನು ಸಿಕ್ಕಿಸಿ ಮೊದಲ ಕಡ್ಡಿಯನ್ನು ಇಳಿಸಿದಳು.

"ಬರ್ಕೋ" ಎಂದಳು.

ದೋಣಿಯಮ್ಮ ಪುಸ್ತಕದಲ್ಲಿ ಹೊಸ ಪುಟ ತಿರುಗಿಸಿದಳು.